ಬೆಳಕನ್ನುಂಡ ಮೀನು

ಹೊಸಪೇಟೆಯನ್ನು ಬಿಟ್ಟು, ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಸಾಗುವ ಹೆದ್ದಾರಿ ಕುಷ್ಟಗಿಯನ್ನು ಹಿಂದೆ ಹಾಕಿ ಇಳಕಲ್ಲನ್ನು ಮುಟ್ಟುವ ಹೊತ್ತಿಗೆ ನೆಲದ ಬಣ್ಣವೂ ಮಾತಿನ ಧಾಟಿಯೂ ಬದಲಾಗಿರುತ್ತವೆ. ಪುಷ್ಯಮಾಸದ ಎಳೆ ಬಿಸಿಲಿನಲ್ಲಿ ಜೋಳದ ಹೊಲಗಳು ತೆನೆ ತುಂಬಿ ನಿಂತಿರುತ್ತವೆ. ಎರೆಯ ನೆಲ ಎಲ್ಲಿ ಬಿಚ್ಚಿಕೊಂಡಿದೆಯೋ ಅಲ್ಲಿ ಮೋಡದ ನೆರಳು ಬಿದ್ದಂತೆ ಕಪ್ಪಾಗಿ ಕಾಣುತ್ತದೆ. ಎರೆ ಎಂದರೆ ಈ ಸೀಮೆಯ ರೈತನಿಗೆ ಕರಿಯ ಭೂಮಿ. ಮೀನು ಹಿಡಿಯುವವನಿಗೆ ಗಾಳಕ್ಕೆ ಸಿಕ್ಕಿಸುವ ಆಹಾರ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಹರಿಯುವ ಬಾಗಲಕೋಟೆ ಜಿಲ್ಲೆಯಲ್ಲಿ ಎರಡು ಎರೆಗಳೂ ಬೇಕಾದಷ್ಟಿದ್ದುವು. ಈಗ ಮೊದಲನೆಯದರಲ್ಲಿ ಎಷ್ಟೋ ಭಾಗ ನೀರಿನ ಕೆಳಗಿದೆ. ಎರಡನೆಯದು ಅದರ ಮೇಲೆ ತೇಲುತ್ತಿದೆ.

ಈ ದಾರಿಯಲ್ಲಿ ಬೆಂಗಳೂರಿನ ಗೃಹಸ್ಥರೊಬ್ಬರು ತಮ್ಮ ಹನ್ನೆರಡು ವರ್ಷದ ಮಗನೊಡನೆ ಹೊರಟಿದ್ದರು. ತಂದೆ ಹುಟ್ಟಿದ್ದು ಹಳೆಯ ಬಾಗಲಕೋಟೆಯ ಒಂದು ಓಣಿಯಲ್ಲಿ. ಆ ಓಣಿ ಇಂದು ಹಿನ್ನೀರಿನ ತಳದಲ್ಲಿದೆ. ಮಗನಿಗೆ ಅದನ್ನು ತೋರಿಸಬೇಕೆಂಬುದು ಅವರ ಬಹುದಿನದ ಆಸೆ. ನೀರನ್ನಲ್ಲದೆ ಬೇರೇನನ್ನೂ ತೋರಿಸಲಾರೆವೆಂಬುದು ಅವರ ಸಂಕೋಚ. ಮಗನಿಗಾದರೋ ಅಂಥ ಸಂಕೋಚವೇನೂ ಇರಲಿಲ್ಲ. ಅವನ ಚೀಲದಲ್ಲಿ ಬೆರಳುದ್ದದ ಒಂದು ಪ್ಲಾಸ್ಟಿಕ್ ಮೀನೂ ಹೆಬ್ಬೆರಳ ಗಾತ್ರದ ಒಂದು ಟಾರ್ಚೂ ಇದ್ದುವು. ಮೀನಿನ ಹೊಟ್ಟೆಯ ಕೆಳಗೆ ಇದ್ದ ಮೂರು ಮೊನೆಯ ಗಾಳಗಳನ್ನು ತಂದೆ ಜಾಗರೂಕತೆಯಿಂದ ಕಳಚಿ ಬೇರೆ ಡಬ್ಬಿಯಲ್ಲಿಟ್ಟಿದ್ದರು. ಹಗಲಿನಲ್ಲಿ ನೋಡಿದರೆ ಅದು ಹಳಸಿದ ಮಜ್ಜಿಗೆಯ ಬಣ್ಣದ ಸಾಧಾರಣ ಆಟಿಕೆ. ಟಾರ್ಚಿನ ನೇರಳೆ ಬೆಳಕನ್ನು ಅರೆ ನಿಮಿಷ ಕುಡಿಸಿ ಕತ್ತಲೆಯಲ್ಲಿ ಹಿಡಿದರೆ ಮಾತ್ರ ಅದು ಎಳೆಯ ಹಸಿರು ಕಾಂತಿಯಿಂದ ಮೈತುಂಬ ಬೆಳಗುತ್ತದೆ. ರಾತ್ರಿಯಲ್ಲಿ ಮೀನನ್ನು ಮರುಳುಗೊಳಿಸಲು ಮಾಡಿದ ಕೃತಕ ಎರೆ ಅದು. ಬಾಗಲಕೋಟೆಯ ಹಿನ್ನೀರಿನಲ್ಲಿ ಅದನ್ನೊಮ್ಮೆ ಎಸೆದು ನೋಡಬೇಕೆಂಬುದು ಹುಡುಗನ ಸಂಕಲ್ಪ.

ಇಳಕಲ್ಲಿನಲ್ಲಿ ಮೊದಲ ನಿಲುಗಡೆ. ಊರನ್ನು ಹೊಗುವಾಗಲೇ ಕೆಂಪು ಛಾಯೆಯ ಕಲ್ಲಿನ ಭಾರಿ ತುಂಡುಗಳು ಕಣ್ಣಿಗೆ ಬೀಳುತ್ತವೆ. ಇಲ್ಲಿಯ ಕೆಂಪು ಗ್ರಾನೈಟಿಗೆ ಹೊರದೇಶಗಳಲ್ಲಿಯೂ ಬೇಡಿಕೆಯುಂಟು. ಆದರೆ ಇಳಕಲ್ಲೆಂದ ಕೂಡಲೆ ಕನ್ನಡ ಮನೆಗಳಲ್ಲಿ ನೆನಪಾಗುವುದು ಕಲ್ಲಲ್ಲ, ಸೀರೆ. ಒಡಲು ಬೇರೆ, ಸೆರಗು ಬೇರೆಯಾಗಿ ಹಾಸು ಹೂಡಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುವ ತೋಪುತೆನಿಯ ಕೌಶಲ ಈ ಮಗ್ಗಗಳದೇ ವೈಶಿಷ್ಟ್ಯ. ಸೆರಗು ಕೆಂಪು, ಅದರೊಳಗೆ ಬಿಳಿಯ ತೆನೆಗಳು ಸಾಲುಗಟ್ಟಿ ಮೂಡುತ್ತವೆ.

ಕುಣಿಮಗ್ಗದ ಕೋಣೆಯಲ್ಲಿ ಹಗಲಿನಲ್ಲಿಯೂ ಮಬ್ಬು. ಆ ಮಬ್ಬನ್ನು ಕಂಡದ್ದೇ ತಡ, ಹುಡುಗ ತನ್ನ ಟಾರ್ಚನ್ನು ಹೊರತೆಗೆದ. ಅದರ ಬೆಳಕು ಅವನ ಒಗೆದ ಬಿಳಿಯ ಅಂಗಿಯ ತೋಳಿನ ಮೇಲೆ ಬಿದ್ದೊಡನೆ ಬಟ್ಟೆ ನೀಲಿಯಾಗಿ ಧಗಧಗಿಸಿತು. ನೇಕಾರ ಲಾಳಿಯನ್ನು ನಿಲ್ಲಿಸಿ ನೋಡಿದ. ಟಾರ್ಚು ಆರಿತು, ಬಟ್ಟೆಯ ಬೆಳಕೂ ಅದೇ ಕ್ಷಣದಲ್ಲಿ ಆರಿತು. ಆಮೇಲೆ ಹುಡುಗ ಮೀನನ್ನು ಬೆಳಗಿಸಿ ಟಾರ್ಚನ್ನು ಆರಿಸಿದ. ಮೀನು ಆರಲಿಲ್ಲ.

ಈ ಎರಡು ಬೆಳಕುಗಳ ಅಂತರದಲ್ಲಿಯೇ ಇಡೀ ಶಾಸ್ತ್ರ ಅಡಗಿದೆ. ನಮ್ಮ ಕಣ್ಣಿಗೆ ಕಾಣುವ ಬಣ್ಣಗಳ ಸಾಲಿನಲ್ಲಿ ಕೆಂಪು ಒಂದು ತುದಿ, ನೇರಳೆ ಇನ್ನೊಂದು ತುದಿ. ನೇರಳೆಯಿಂದ ಆಚೆಗಿರುವ, ಕಣ್ಣಿಗೆ ಕಾಣದ ಕಿರಣಗಳಿಗೆ ನೇರಳಾತೀತ ಕಿರಣಗಳೆಂದು ಹೆಸರು. ಬೆಳಕು ಕಣಕಣವಾಗಿ ಬಂದು ಬೀಳುತ್ತದೆ. ಕೆಂಪಿನ ಕಣದಲ್ಲಿ ಚೈತನ್ಯ ಕಡಿಮೆ, ನೇರಳಾತೀತದ ಕಣದಲ್ಲಿ ಹೆಚ್ಚು. ಬಟ್ಟೆಯನ್ನು ಬೆಳ್ಳಗೆ ತೋರಿಸಲೆಂದು ಸಾಬೂನು ಪುಡಿಗಳಲ್ಲಿ ಬೆರೆಸುವ ದ್ರವ್ಯ ಈ ಕಣಗಳನ್ನು ಹೀರಿ, ಒಡನೆಯೇ ನೀಲಿ ಬೆಳಕಾಗಿ ಹಿಂದಿರುಗಿಸುತ್ತದೆ. ಇದು ಪ್ರತಿದೀಪ್ತಿ, ಕೈಯಿಂದ ಕೈಗೆ ನಡೆಯುವ ಲೇವಾದೇವಿ. ಮೀನಿನ ಮೈಯಲ್ಲಿರುವ ಪುಡಿ ಹಾಗೆ ಮಾಡುವುದಿಲ್ಲ. ಅದು ಬಂದುದನ್ನು ಕೂಡಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಹೊರಗೆ ಬಿಡುತ್ತದೆ. ಇದು ಸ್ಫುರದೀಪ್ತಿ.

ಇದನ್ನು ತಿಳಿಯಲು ಈ ಸೀಮೆಯವರಿಗೆ ಪ್ರಯೋಗಶಾಲೆ ಬೇಡ, ಹಗೇವು ಸಾಕು. ಹಿಂದಿನವರು ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಬೇಕಾದಾಗ ತೆಗೆದುಕೊಳ್ಳುತ್ತಿದ್ದರು. ಪುಡಿಯ ಹರಳಿನೊಳಗೂ ಅಂಥವೇ ಅತಿಸೂಕ್ಷ್ಮ ಹಗೇವುಗಳಿವೆ. ಬಲವಾದ ಕಿರಣ ಬಿದ್ದಾಗ ಹರಳಿನೊಳಗಿನ ಎಲೆಕ್ಟ್ರಾನುಗಳು ಮೇಲಕ್ಕೆ ಚಿಮ್ಮಿ ಈ ಗುಳಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸುತ್ತಲಿನ ಸಾಮಾನ್ಯ ಶಾಖವೇ ಅವನ್ನು ಒಂದೊಂದಾಗಿ ಬಿಡಿಸುತ್ತದೆ. ಬಿಡುಗಡೆಯಾದ ಎಲೆಕ್ಟ್ರಾನು ಮರಳಿ ತನ್ನ ಸ್ಥಾನಕ್ಕೆ ಬೀಳುವಾಗ ಒಂದು ಹಸಿರು ಕಿರಣ ಹೊರಡುತ್ತದೆ. ಹಗೇವು ತುಂಬಿದ ಮೇಲೆ ಇನ್ನೆಷ್ಟು ಸುರಿದರೂ ಕಾಳು ಹೊರಗೇ ಚೆಲ್ಲುವಂತೆ, ಮೀನು ತುಂಬಿದ ಮೇಲೆ ಟಾರ್ಚನ್ನು ಎಷ್ಟು ಹೊತ್ತು ಹಿಡಿದರೂ ಪ್ರಯೋಜನವಿಲ್ಲ. ಬೆಚ್ಚಗಿರುವಾಗ ಅದು ಹೆಚ್ಚು ಬೆಳಗಿ ಬೇಗ ಬರಿದಾಗುತ್ತದೆ. ತಣ್ಣಗಿರುವಾಗ ಮಂದವಾಗಿ ಉರಿದು ಹೆಚ್ಚು ಕಾಲ ಬಾಳುತ್ತದೆ.

ಹಾಗಾದರೆ ನೇರಳಾತೀತ ಬೆಳಕೇ ಏಕೆ ಬೇಕು? ಎತ್ತರದ ಕಟ್ಟೆಯನ್ನು ಏರಬೇಕಾದರೆ ನೂರು ಮಂದಿ ಮೊಳದೆತ್ತರ ನೆಗೆದರೂ ಫಲವಿಲ್ಲ. ಒಬ್ಬನೇ ಆಳೆತ್ತರ ನೆಗೆದರೆ ಸಾಕು. ಕೆಂಪು ದೀಪ ಎಷ್ಟೇ ಪ್ರಖರವಾಗಿದ್ದರೂ ಅದರ ಒಂದೊಂದು ಕಣವೂ ಗಿಡ್ಡ. ಹಳೆಯ ಕಾಲದ ತಂತಿಬಲ್ಬಿನ ಹಳದಿ ಬೆಳಕಿನಿಂದ ಇಂಥ ಮೀನು ಸರಿಯಾಗಿ ತುಂಬದಿರುವುದು ಇದರಿಂದಲೇ. ಈಗಿನ ಬಿಳಿಯ ಎಲ್‌ಇಡಿಯಲ್ಲಿ ನೀಲಿಯ ಅಂಶ ಸಾಕಷ್ಟಿರುವುದರಿಂದ ಅದು ಒಂದಿಷ್ಟು ತುಂಬಬಲ್ಲುದು. ೩೬೫ ಅಥವಾ ೩೯೫ ನ್ಯಾನೊಮೀಟರಿನ ನೇರಳಾತೀತ ಟಾರ್ಚು ಮಾತ್ರ ಕ್ಷಣಗಳಲ್ಲಿ ಕೆಲಸ ಮುಗಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಟಾರ್ಚು ತಲೆಯ ಮೇಲಿನ ಸೂರ್ಯ. ಅದಕ್ಕೆ ಬ್ಯಾಟರಿಯೂ ಬೇಡ.

ಇಲ್ಲೊಂದು ಎಚ್ಚರಿಕೆಯ ಮಾತು ಅವಶ್ಯ. ಈ ಟಾರ್ಚಿನ ಬೆಳಕು ಕಣ್ಣಿಗೆ ಮಂದವಾಗಿ ತೋರುತ್ತದೆ; ತೋರಿದಷ್ಟೇ ಅದರ ಬಲವಲ್ಲ. ಮಂದವೆಂದು ಮೋಸಹೋದ ಕಣ್ಣಿನ ಪಾಪೆ ಕಿರಿದಾಗದೆ ಉಳಿದು ಕಿರಣಗಳನ್ನು ಒಳಕ್ಕೆ ಬಿಡುತ್ತದೆ. ಆದಕಾರಣ ಅದನ್ನು ದಿಟ್ಟಿಸಬಾರದು, ಇನ್ನೊಬ್ಬರ ಮುಖಕ್ಕೆ ಹಿಡಿಯಬಾರದು, ಚಿಕ್ಕ ಮಕ್ಕಳ ಕೈಗೆ ಒಂಟಿಯಾಗಿ ಕೊಡಲೂಬಾರದು. ತಂದೆ ಮಗನಿಗೆ ಹೇಳಿಕೊಟ್ಟ ಕ್ರಮ ಒಳ್ಳೆಯದು: ಮೀನನ್ನು ಒಂದು ಡಬ್ಬಿಯಲ್ಲಿಟ್ಟು, ಟಾರ್ಚನ್ನು ಡಬ್ಬಿಯ ಬಾಯಿಗೆ ಒತ್ತಿ, ಆಮೇಲೆ ಗುಂಡಿಯನ್ನು ಅದುಮುವುದು.

ಬೆಳಕನ್ನು ಕೂಡಿಡುವ ಕಲ್ಲಿನ ಹುಚ್ಚು ಮನುಷ್ಯನಿಗೆ ಇಂದಿನದಲ್ಲ. ೧೬೦೩ರ ಸುಮಾರಿಗೆ ಇಟಲಿಯ ಬೊಲೋನ್ಯ ನಗರದಲ್ಲಿ ಕಾಶ್ಯಾರೋಲೊ ಎಂಬ ಚಮ್ಮಾರ ಬಂಗಾರ ಮಾಡುವ ಆಸೆಯಿಂದ ಬೆಟ್ಟದ ಒಂದು ಕಲ್ಲನ್ನು ಇದ್ದಿಲಿನೊಡನೆ ಸುಟ್ಟ. ಬಂಗಾರ ಬರಲಿಲ್ಲ, ಬಿಸಿಲು ಕಂಡು ಬಂದ ಕಲ್ಲು ಕತ್ತಲೆಯಲ್ಲಿ ಕೆಂಡದಂತೆ ಮಿನುಗಿತು. ಯೂರೋಪಿನ ಪಂಡಿತರೆಲ್ಲ ಅದಕ್ಕೆ ಬೆರಗಾದರು. ಮುಂದೆ ತಾಮ್ರದ ಲವಲೇಶ ಬೆರೆತ ಸತುವಿನ ಸಲ್ಫೈಡು ಬಂತು. ಆಟಿಕೆಗಳಲ್ಲಿಯೂ ಗಾಳದ ಎರೆಗಳಲ್ಲಿಯೂ ಬಹುಕಾಲ ಮಿನುಗಿದ್ದು ಅದೇ. ಆದರೆ ಅದರ ಹಗೇವು ಚಿಕ್ಕದು, ಬೇಗ ಬರಿದಾಗುವುದು. ಗಡಿಯಾರದ ಮುಖಗಳಲ್ಲಿ ಅದಕ್ಕೆ ರೇಡಿಯಂ ಬೆರೆಸಿ ಸದಾ ಉರಿಯುವಂತೆ ಮಾಡಿದರು. ಆ ಬಣ್ಣ ಬಳಿದ ಹೆಣ್ಣುಮಕ್ಕಳು ಅಮೆರಿಕೆಯಲ್ಲಿ ೧೯೨೦ರ ದಶಕದಲ್ಲಿ ರೋಗಕ್ಕೀಡಾಗಿ ಸತ್ತರು. ೧೯೯೦ರ ದಶಕದಲ್ಲಿ ಜಪಾನಿನವರು ಯುರೋಪಿಯಂ, ಡಿಸ್ಪ್ರೋಸಿಯಂಗಳ ಲೇಶ ಸೇರಿಸಿದ ಸ್ಟ್ರಾನ್ಷಿಯಂ ಅಲ್ಯುಮಿನೇಟನ್ನು ಸಿದ್ಧಪಡಿಸಿದರು. ರೇಡಿಯಮಿನ ಹಂಗಿಲ್ಲದೆ, ಒಮ್ಮೆ ತುಂಬಿದರೆ ಕತ್ತಲೆಗೆ ಒಗ್ಗಿದ ಕಣ್ಣಿಗೆ ರಾತ್ರಿಯ ಬಹುಭಾಗ ಕಾಣುವ ಪುಡಿ ಅದು. ಹುಡುಗನ ಮೀನಿನ ಮೈಯಲ್ಲಿದ್ದುದು ಅದೇ. ನಮ್ಮ ನಾಡಿನಲ್ಲಿ ಈ ಚಮತ್ಕಾರವನ್ನು ಕಾಣಬೇಕಾದರೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಸಂಗ್ರಹಾಲಯವನ್ನು ನೆನೆಯಬಹುದು. ಸರ್ ಸಿ. ವಿ. ರಾಮನ್ನರು ಕೂಡಿಟ್ಟ ಖನಿಜಗಳು ಅಲ್ಲಿಯ ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪದ ಕೆಳಗೆ ನಾನಾ ವರ್ಣಗಳಿಂದ ಬೆಳಗುತ್ತವೆ.

ನೇಕಾರನ ಮನೆಯಿಂದ ಹೊರಡುವಾಗ ತಂದೆ ಒಂದು ಸೀರೆಯನ್ನು ಕೊಂಡರು. ಮುಸ್ಸಂಜೆಯಲ್ಲಿ ಇಳಕಲ್ ಸೀರೆಯನ್ನು ನೋಡಿದವರಿಗೆ ಒಂದು ಅನುಭವವುಂಟು: ಬೆಳಕು ಇಳಿದಂತೆ ಕೆಂಪು ಸೆರಗು ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ, ಹಸಿರು ಒಡಲು ಇನ್ನೂ ಕೆಲಹೊತ್ತು ಕಣ್ಣಿಗೆ ಹತ್ತುತ್ತದೆ. ಕತ್ತಲೆಯಲ್ಲಿ ಕೆಲಸಮಾಡುವ ಕಣ್ಣಿನ ತಂತುಗಳು ಕೆಂಪಿಗೆ ಕುರುಡು, ಹಸಿರಿನ ಸುತ್ತಮುತ್ತ ಅತ್ಯಂತ ಚುರುಕು. ೧೯ನೆಯ ಶತಮಾನದಲ್ಲಿ ಬೊಹೀಮಿಯದ ಪುರ್ಕಿನ್ಯೆ ಇದನ್ನು ಗುರುತಿಸಿದನು. ಕತ್ತಲೆಯ ಮೀನಿಗೆ ಹಸಿರನ್ನೇ ಬಳಿಯುವುದು ಬರಿಯ ಅಲಂಕಾರಕ್ಕಲ್ಲ.

ಇಳಕಲ್ಲಿನಿಂದ ಹುನಗುಂದ ಹತ್ತಿರ. ಅಲ್ಲಿಂದ ಉತ್ತರಕ್ಕೆ ಸರಿದರೆ ಮಲಪ್ರಭೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮ. ಬಸವಣ್ಣನವರ ಐಕ್ಯಮಂಟಪ ಇಲ್ಲಿ ನೀರಿನ ನಡುವೆ, ಎತ್ತರದ ದುಂಡುಗೋಡೆಯ ಬಾವಿಯೊಳಗೆ ಇದೆ. ಕೆಳಗಣ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ನಿಂತಾಗ ಮಂಟಪ ಮುಳುಗದಿರಲೆಂದು ಈ ಗೋಡೆಯನ್ನು ಕಟ್ಟಿದರು. ಸುತ್ತಿ ಸುತ್ತಿ ಇಳಿಯುವ ಮೆಟ್ಟಿಲುಗಳನ್ನು ಇಳಿದು ತಳದಲ್ಲಿ ನಿಂತಾಗ, ಗೋಡೆಯಾಚೆ ತಲೆಗಿಂತ ಎತ್ತರದಲ್ಲಿ ನದಿ ನಿಂತಿದೆಯೆಂಬ ಅರಿವು ಮೈಯನ್ನು ಜುಮ್ಮೆನಿಸುತ್ತದೆ. ತಂದೆ ಅಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಒಂದು ಮಂಟಪವನ್ನು ನೀರಿನಿಂದ ಗೋಡೆ ಕಟ್ಟಿ ಕಾಯಬಹುದು. ಒಂದು ಊರನ್ನು ಕಾಯಲು ಯಾರು ಎಷ್ಟು ಗೋಡೆ ಕಟ್ಟಿಯಾರು?

ಮತ್ತೆ ದಕ್ಷಿಣಕ್ಕೆ ಬಂದು ಅಮೀನಗಡದಲ್ಲಿ ಕರದಂಟನ್ನು ಕಟ್ಟಿಸಿಕೊಂಡು, ಐಹೊಳೆ, ಪಟ್ಟದಕಲ್ಲುಗಳನ್ನು ಕಿಟಕಿಯಿಂದಲೇ ವಂದಿಸಿ ಬಾದಾಮಿಯನ್ನು ಸೇರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಅಗಸ್ತ್ಯತೀರ್ಥದ ಮೂರು ದಿಕ್ಕಿಗೂ ಕೆಂಗಲ್ಲಿನ ಬಂಡೆಗಳು. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರ ಸದ್ದು ಬಂಡೆಗೆ ಬಡಿದು ಎರಡಾಗಿ ಕೇಳುತ್ತದೆ. ಹುಡುಗ ಗುಹೆಗಳ ಮೆಟ್ಟಿಲನ್ನು ಏರುವಾಗ ತನ್ನ ಮೀನನ್ನು ಅಂಗೈಯಲ್ಲಿ ಬಿಸಿಲಿಗೆ ಹಿಡಿದೇ ನಡೆದ.

ಎರಡನೆಯ ಗುಹೆಯಲ್ಲಿ ಎರಡು ಸಂಗತಿಗಳನ್ನು ನಿಂತು ನೋಡಬೇಕು. ಒಂದು, ಮೇಲ್ಛಾವಣಿಯ ಮತ್ಸ್ಯಚಕ್ರ. ಚೌಕದೊಳಗಿನ ಆ ಚಕ್ರಕ್ಕೆ ಅರೆಕಾಲುಗಳೆಲ್ಲ ಮೀನುಗಳೇ, ಲೆಕ್ಕಕ್ಕೆ ಹದಿನಾರು. ಸಾವಿರದ ನಾನೂರು ವರ್ಷಗಳಿಂದ ಅವು ಒಣಬಂಡೆಯಲ್ಲಿ ಈಸುತ್ತಿವೆ. ಇನ್ನೊಂದು, ಭೂವರಾಹ. ಪ್ರಳಯಜಲದಲ್ಲಿ ಮುಳುಗಿದ ಭೂದೇವಿಯನ್ನು ಮೇಲಕ್ಕೆತ್ತಿದ ದೇವರು ಚಾಲುಕ್ಯರ ಲಾಂಛನವೂ ಹೌದು. ಮುಳುಗಿದ ನೆಲವನ್ನು ಎತ್ತಿದ ಕಥೆಯನ್ನು ಕಲ್ಲಿನಲ್ಲಿ ಕಡೆದ ಊರಿನಿಂದ, ನೆಲ ಮುಳುಗಿದ ಊರಿಗೆ ಇಂದು ಒಂದು ಗಂಟೆಯೊಳಗಿನ ಪ್ರಯಾಣ. ಹುಡುಗ ಒಳಗರ್ಭದ ಮಬ್ಬಿನಲ್ಲಿ ಮುಷ್ಟಿಯನ್ನು ಕಣ್ಣಿಗೊತ್ತಿ ಹೆಬ್ಬೆರಳ ಸಂದಿನಿಂದ ಇಣುಕಿದ. ಬಿಸಿಲನ್ನುಂಡ ಮೀನು ಅವನ ಕೈಯೊಳಗೆ ಹಸಿರಾಗಿ ಉರಿಯುತ್ತಿತ್ತು.

ಗಾಳ ಹಾಕುವುದು ಈ ನಾಡಿನಲ್ಲಿ ಬಡವನ ಹೊಟ್ಟೆಪಾಡು ಮಾತ್ರವಾಗಿರದೆ ಅರಸರ ವಿನೋದವೂ ಆಗಿತ್ತು. ಬಾದಾಮಿಯ ಚಾಲುಕ್ಯರ ಪರಂಪರೆಯವರೆಂದು ಹೇಳಿಕೊಂಡ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಅದರಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗ ಮೀಸಲು. ಮೀನುಗಳ ಜಾತಿಗಳು, ಅವು ವಾಸಿಸುವ ನೀರು, ದಾರ, ಕೋಲು, ಕೊಕ್ಕೆಗಳ ವಿವರ, ಯಾವ ಮೀನಿಗೆ ಯಾವ ಉಂಡೆಯ ಎರೆ ಎಂಬ ವಿಧಿ ಎಲ್ಲವೂ ಅಲ್ಲಿವೆ. ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು ೧೯೫೧ರಲ್ಲಿ ಈ ಭಾಗವನ್ನು ಕುರಿತು ವಿದ್ವತ್ಪೂರ್ಣ ಲೇಖನವನ್ನು ಪ್ರಕಟಿಸಿ ಲೋಕದ ಗಮನಕ್ಕೆ ತಂದರು. ಅರಸನ ಗ್ರಂಥದ ತಿರುಳು ಒಂದೇ ಮಾತಿನಲ್ಲಿ ಅಡಗುತ್ತದೆ: ಎರೆಯನ್ನು ಆರಿಸುವ ಮೊದಲು ಮೀನನ್ನು ತಿಳಿ. ಒಂಬತ್ತು ಶತಮಾನಗಳ ತರುವಾಯ ಬಂದ ಪ್ಲಾಸ್ಟಿಕ್ ಮೀನಿಗೂ ಆ ಪರೀಕ್ಷೆ ತಪ್ಪಲಿಲ್ಲ.

ಸಂಜೆಗೆ ಬಾಗಲಕೋಟೆ. ಘಟಪ್ರಭೆಯ ದಡದ ಈ ಊರು ೧೯೯೭ರಲ್ಲಿ ಜಿಲ್ಲೆಯ ಮುಖ್ಯಪಟ್ಟಣವಾಯಿತು. ಅದೇ ಕಾಲಕ್ಕೆ ತನ್ನ ಒಂದು ಭಾಗವನ್ನು ನೀರಿಗೆ ಒಪ್ಪಿಸಲು ಸಿದ್ಧವಾಗುತ್ತಲೂ ಇತ್ತು. ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿಯಲ್ಲಿ ಅಣೆಕಟ್ಟೆಗೆ ೧೯೬೪ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಈಗ ಜಲಾಶಯಕ್ಕೆ ಅವರದೇ ಹೆಸರು. ಸಮುದ್ರಮಟ್ಟದಿಂದ ೫೧೯.೬೦ ಮೀಟರ್‌ವರೆಗೆ ನೀರು ನಿಂತಾಗ ಸುಮಾರು ೧೨೩ ಟಿಎಂಸಿ ಸಂಗ್ರಹ. ಆ ನೀರು ಎಷ್ಟೋ ಒಣ ಹೊಲಗಳಿಗೆ ಜೀವ ಕೊಟ್ಟಿತು, ವಿದ್ಯುತ್ತನ್ನು ಕೊಟ್ಟಿತು. ಕೊಟ್ಟ ನೀರು ನಿಲ್ಲಲು ಜಾಗ ಬೇಡವೇ? ಆ ಜಾಗ ನದಿದಂಡೆಯ ಹಳ್ಳಿಗಳದು, ಹಳೆಯ ಬಾಗಲಕೋಟೆಯ ಓಣಿಗಳದು. ಜನ ಎತ್ತರದಲ್ಲಿ ಕಟ್ಟಿದ ನವನಗರಕ್ಕೆ ಹೋದರು. ಅಲ್ಲಿ ರಸ್ತೆಗಳು ಅಗಲ, ಮನೆಗಳಿಗೆ ಗಾಳಿಬೆಳಕು ಧಾರಾಳ; ಆದರೆ ವಿಳಾಸದಲ್ಲಿ ಓಣಿಯ ಹೆಸರಿದ್ದೆಡೆ ಸೆಕ್ಟರಿನ ಅಂಕಿ ಬಂದಿತು. ನಾಡಿನಲ್ಲೆಲ್ಲ ಪ್ರಸಿದ್ಧವಾದ ಬಾಗಲಕೋಟೆಯ ಹೋಳಿಯ ಹಲಗೆ ನಿಲ್ಲಲಿಲ್ಲ ಎಂಬುದೊಂದೇ ಸಮಾಧಾನ. ೨೦೧೦ರ ಡಿಸೆಂಬರಿನಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಲಿಯು ನೀರನ್ನು ೫೨೪.೨೫೬ ಮೀಟರ್‌ವರೆಗೆ ನಿಲ್ಲಿಸಲು ಅವಕಾಶವಿತ್ತು ತೀರ್ಪಿತ್ತ ಮೇಲೆ, ದಂಡೆಯವರ ಮಾತಿನಲ್ಲಿ ಮುಳುಗಡೆಯೆಂಬ ಪದ ಹಳೆಯದಾಗಿಯೇ ಇಲ್ಲ.

ಹಿನ್ನೀರಿನ ದಂಡೆಯಲ್ಲಿ ತಂದೆಗೆ ಗುರುತಿನ ಮುದುಕರೊಬ್ಬರು ಕಾದಿದ್ದರು. ಮೊದಲು ಅದೇ ಓಣಿಯ ನೆರೆಯವರು. ಈಗ ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದು ಹರಿಗೋಲಿನಲ್ಲಿ ಬಲೆ ಬಿಡುವವರು. ಅವರು ಕೈಯೆತ್ತಿ ನೀರಿನ ಮೇಲೆ ಗೆರೆ ಎಳೆದಂತೆ ತೋರಿಸಿದರು. “ಅಲ್ಲೆ ಹುಣಸೀ ಗಿಡ ಇತ್ತು. ಅದರ ಬಾಜೂಕ ನಿಮ್ಮ ಮನೀ. ಈಗ ನಾ ಬಲಿ ಬಿಡೂದೂ ಅಲ್ಲೆ.” ಹುಡುಗನಿಗೆ ಕಂಡದ್ದು ಬರಿಯ ನೀರು, ನೀರಿನ ಮೇಲೆ ಇಳಿಯುತ್ತಿದ್ದ ಸಂಜೆಗೆಂಪು. ತಂದೆ ಮಾತ್ರ ಮುದುಕರ ಬೆರಳು ನಿಂತಲ್ಲೆಲ್ಲ ತಾವೂ ನಿಲ್ಲುತ್ತ, ಅಂಗಡಿ, ಗುಡಿ, ಬಾವಿಗಳನ್ನು ಒಂದೊಂದಾಗಿ ಹೆಸರಿಸುತ್ತ ಬಂದರು. ಕೆಂಪು ಮೊದಲು ಆರಿತು, ಆಮೇಲೆ ಎಲ್ಲವೂ.

ಅಮಾವಾಸ್ಯೆಗೆ ಹತ್ತಿರದ ರಾತ್ರಿ. ಹುಡುಗ ಗಾಳಗಳನ್ನು ಮತ್ತೆ ಸಿಕ್ಕಿಸಿಕೊಂಡು, ಡಬ್ಬಿಯೊಳಗೆ ಮೀನಿಗೆ ಅರೆ ನಿಮಿಷ ಬೆಳಕುಣಿಸಿ, ಹರಿಗೋಲಿನಿಂದ ದಾರವನ್ನು ಬಿಟ್ಟ. ಮೀನು ನೀರಿನೊಳಗೆ ಇಳಿಯಿತು. ಹಸಿರು ಚುಕ್ಕೆ ಮೊಳದಾಳದಲ್ಲಿ ಮಂಜಾಯಿತು, ಆಳೆತ್ತರ ಇಳಿಯುವ ಮೊದಲೇ ಕಾಣದಾಯಿತು. ಎಳೆದ; ಮತ್ತೆ ಬೆಳಕುಣಿಸಿದ; ಮತ್ತೆ ಎಸೆದ. ಹತ್ತಾರು ಸಲ ಹೀಗಾದರೂ ಒಂದೂ ಮೀನು ಮುಟ್ಟಲಿಲ್ಲ.

ಮುದುಕರಿಗೆ ನಗು ಬಂದರೂ ಅವರು ನಗಲಿಲ್ಲ. ಇಲ್ಲಿಯ ನೀರಿನಲ್ಲಿ ಎರೆಮಣ್ಣು ಕದಡಿದೆ, ಬೆಳಕು ದೂರ ಹೋಗದು ಎಂದು ತಮ್ಮ ಮಾತಿನಲ್ಲಿ ತಿಳಿಸಿದರು. ಶಾಸ್ತ್ರ ಹೇಳುವುದೂ ಅದನ್ನೇ: ನೀರಿನಲ್ಲಿ ತೇಲುವ ಮಣ್ಣಿನ ಕಣಗಳು ಬೆಳಕನ್ನು ಚೆದರಿಸಿ ನುಂಗುತ್ತವೆ. ಇನ್ನು ಮೀನುಗಳ ಸ್ವಭಾವ. ಕಾಟ್ಲ ಮೇಲ್ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವುದು, ರೋಹು ನಡುನೀರಿನದು, ಮೃಗಾಲ್ ತಳದ ಕೊಳೆತವನ್ನು ಕೆದಕುವುದು. ಓಡುವ ಬೇಟೆಯನ್ನು ಅಟ್ಟಿ ಹಿಡಿಯುವ ಚಟ ಇವಕ್ಕಿಲ್ಲ. ಇವಕ್ಕೆ ಹಿಟ್ಟಿನುಂಡೆಯ ವಾಸನೆಯೇ ದೀಪ. ಬಾಳೆಮೀನು, ಕೊರವಗಳು ಬೇಟೆಗಾರ ಜಾತಿ, ನಿಜ. ಆದರೆ ಬಾಳೆಯಂಥದು ಮೀಸೆಯಿಂದ ತಡವಿ, ನೀರಿನ ಅಲುಗಾಟವನ್ನು ಮೈಯಿಂದ ಅರಿತು ಬೇಟೆಯಾಡಬಲ್ಲುದು. ಕೊರವಕ್ಕೆ ಜೊಂಡಿನ ಅಂಚೇ ಪ್ರಿಯ, ನಡುನೀರಲ್ಲ.

ಹೊಳೆಯುವ ಎರೆ ನಿಷ್ಪ್ರಯೋಜಕವೆಂದು ಇದರಿಂದ ತಿಳಿಯಬಾರದು. ಅದರ ತವರು ಬೇರೆ. ಅಮೆರಿಕೆಯ ಮಹಾಸರೋವರಗಳ ಆಳವಾದ ತಿಳಿನೀರಿನಲ್ಲಿ ಸಾಲ್ಮನ್ ಹಿಡಿಯುವವರೂ, ಸಮುದ್ರದಲ್ಲಿ ಬೊಂಡಾಸ ಹಿಡಿಯುವವರೂ ಇದನ್ನು ಮೆಚ್ಚಿಕೊಂಡಿದ್ದಾರೆ. ಸೂರ್ಯನೇ ಕಾಣದ ಕಡಲಾಳದಲ್ಲಿ ಒಂದು ಜಾತಿಯ ಮೀನು ತನ್ನ ಹಣೆಯ ಕೋಲಿನ ತುದಿಯಲ್ಲಿ ಬೆಳಗುವ ಸೂಕ್ಷ್ಮಜೀವಿಗಳನ್ನು ಸಾಕಿಕೊಂಡು ಬೇಟೆಯನ್ನು ಬಾಯಿಯ ಬಳಿಗೆ ಕರೆಯುತ್ತದೆ. ಗಾಳದ ವಿದ್ಯೆಯಲ್ಲಿ ಅದು ಮನುಷ್ಯನಿಗೆ ಹಿರಿಯಣ್ಣ. ಬೆಳಕಿಗೂ ಒಂದು ಮಿತಿ ಬೇಕೆಂಬುದನ್ನು ನಮ್ಮ ಕರಾವಳಿ ಕಲಿತಿದೆ. ದೋಣಿಗಳ ಮೇಲೆ ಪ್ರಖರವಾದ ಎಲ್‌ಇಡಿ ದೀಪಗಳನ್ನು ಉರಿಸಿ, ಮರಿಮೀನು ದೊಡ್ಡ ಮೀನೆನ್ನದೆ ಸೆಳೆದು ಬಾಚುವ ಪದ್ಧತಿ ನಾಡದೋಣಿಯವರ ಅನ್ನಕ್ಕೆ ಕುತ್ತು ತಂದಾಗ, ಕೇಂದ್ರ ಸರ್ಕಾರವು ೨೦೧೭ರ ನವೆಂಬರಿನಲ್ಲಿ ದೇಶದ ಕಡಲ ವಲಯದಲ್ಲಿ ಅದನ್ನು ನಿಷೇಧಿಸಿತು. ಬೆರಳುದ್ದದ ಮೀನಿನ ಮಿಣುಕು ಎಲ್ಲಿ, ಆ ಕಡಲ ಹಗಲು ಎಲ್ಲಿ! ಆದರೂ ಎರಡಕ್ಕೂ ಮೂಲವಾದ ಆಸೆ ಒಂದೇ, ಅಳತೆ ಬೇರೆ.

ಹುಡುಗನ ಮುಖ ಬಾಡಿದ್ದನ್ನು ಮುದುಕರು ಟಾರ್ಚಿಲ್ಲದೆಯೂ ಕಂಡರು. ಅವರು ಮೀನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಗಾಳಗಳನ್ನು ಬಿಚ್ಚೆಂದರು. ಬಿಟ್ಟ ಬಲೆಯ ತುದಿಯ ಬೆಂಡು ಕತ್ತಲೆಯಲ್ಲಿ ಸಿಕ್ಕದೆ ಎಷ್ಟೋ ಸಲ ಹರಿಗೋಲನ್ನು ಸುಮ್ಮನೆ ಸುತ್ತಿಸಬೇಕಾಗುತ್ತದಂತೆ. ಅವರು ಬೆಂಡಿನ ನೆತ್ತಿಗೆ ಮೀನನ್ನು ದಾರದಿಂದ ಬಿಗಿದು ಕಟ್ಟಿದರು. ಹುಡುಗ ಕೊನೆಯ ಸಲ ಬೆಳಕುಣಿಸಿದ. ನೀರಿನೊಳಗೆ ಕ್ಷಣದಲ್ಲಿ ಸೋತ ಬೆಳಕು ನೀರಿನ ಮೇಲೆ, ಗಾಳಿಯಲ್ಲಿ, ಸೋಲಲಿಲ್ಲ. ಹರಿಗೋಲು ಹಿಂದೆ ಸರಿದಂತೆ ಹಸಿರು ಚುಕ್ಕೆ ಚಿಕ್ಕದಾಯಿತು. ಆದರೂ ಅದು ಎಲ್ಲಿದೆಯೆಂದು ಮೂವರಿಗೂ ತಿಳಿಯುತ್ತಿತ್ತು. ತಂದೆ ಮೆಲ್ಲಗೆ ಹೇಳಿದರು: “ನೋಡು, ನಮ್ಮ ಮನೆ ಅಲ್ಲಿ.” ಆಗ ಹುಡುಗನಿಗೂ ಅದು ಕಂಡಿತು.

ಬೆಳಗಿನ ಜಾವ ಮೂವರೂ ಮತ್ತೆ ದಂಡೆಗೆ ಬಂದರು. ದೂರದ ಕೆಸರಿನಂಚಿನಲ್ಲಿ ಹಕ್ಕಿಗಳ ಹಿಂಡು ಎದ್ದು ಕುಳಿತು ಮಾಡುತ್ತಿತ್ತು. ಬಲೆಯಲ್ಲಿ ಕೆಲವು ರೋಹು, ಒಂದು ಕಾಟ್ಲ. ಮುದುಕರ ಮನೆಯ ಒಂದು ದಿನಕ್ಕೆ ಸಾಕಾದಷ್ಟು. ಬೆಂಡಿನ ಮೇಲಿನ ಮೀನು ಹಳಸಿದ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ರಾತ್ರಿಯೆಲ್ಲ ಉರಿದು ಸತ್ತಿತೇ ಎಂದು ಹುಡುಗ ಕೇಳಿದ. “ಸತ್ತಿಲ್ಲ, ಹಸದೈತಿ” ಎಂದು ಮುದುಕರು ಅದನ್ನು ಬಿಚ್ಚಿ, ಏರುತ್ತಿದ್ದ ಬಿಸಿಲಿಗೆ ಮುಖಮಾಡಿ ಹರಿಗೋಲಿನ ಅಂಚಿನ ಮೇಲೆ ಇಟ್ಟರು. ಹುಡುಗ ಅದನ್ನು ಮರಳಿ ಕೇಳಲಿಲ್ಲ. ಬೆಂಗಳೂರಿನ ದಾರಿಯಲ್ಲಿ ಅವನ ಚೀಲದಲ್ಲಿ ಟಾರ್ಚೊಂದೇ ಉಳಿದಿತ್ತು. ಮುದುಕರಿಗೆ ಅದರ ಅವಶ್ಯಕತೆಯಿರಲಿಲ್ಲ; ಬಾಗಲಕೋಟೆಯಲ್ಲಿ ಬಿಸಿಲಿಗೇನು ಕೊರತೆ?